ಕಣ್ಣು ಮಂದವಾದ ಮೇಲೆ

ನಮ್ಮ ಬೀದರ ಸೀಮೆಯಲ್ಲಿ ಕನ್ನಡಕಕ್ಕೆ ನಾಲ್ಕು ಹೆಸರುಗಳುಂಟು. ಪುಸ್ತಕ ಓದಿದವರು ಕನ್ನಡಕವೆನ್ನುವರು. ಹಳೆಯ ಕಾಲದ ಪಂಡಿತರು ಸುಲೋಚನವೆನ್ನುತ್ತಿದ್ದರು. ಪೇಟೆಯಲ್ಲಿ ಅದು ಚಷ್ಮಾ. ಪಾರಸಿಯಲ್ಲಿ ಚಶ್ಮ್ ಎಂದರೆ ಕಣ್ಣು. ಹಳ್ಳಿಯ ಮುದುಕರ ಬಾಯಲ್ಲಿ ಅದು ಚಾಳೀಸು. ಈ ಕೊನೆಯ ಹೆಸರು ನನಗೆ ಬಹಳ ಪ್ರಿಯವಾದುದು. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ಮನುಷ್ಯನಿಗೆ ನಲವತ್ತು ತುಂಬುತ್ತಲೇ ಹತ್ತಿರದ ಅಕ್ಷರ ಮಸುಕಾಗುವುದನ್ನೂ, ಕೈಯಲ್ಲಿರುವ ಕಾಗದವನ್ನು ತೋಳಿನಷ್ಟು ದೂರ ಹಿಡಿಯಬೇಕಾಗುವುದನ್ನೂ ಕಂಡ ಜನ, ವಯಸ್ಸಿನ ಹೆಸರನ್ನೇ ಸಾಧನಕ್ಕೆ ಇಟ್ಟುಬಿಟ್ಟರು. ಕಣ್ಣಿನ ವೈದ್ಯರು ಒಂದು ಪುಟದಲ್ಲಿ ವಿವರಿಸುವ ಸಂಗತಿ ಮೂರಕ್ಷರದಲ್ಲಿ ಅಡಗಿದೆ.

ಶ್ರೋತೃಗಳೇ, ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಚಾಳೀಸಿನಿಂದ ಸರಿಹೋಗುವ ಕಣ್ಣುಗಳ ವಿಷಯವಲ್ಲ. ಒಂದು ಗ್ರಂಥವನ್ನು ಹಿಡಿದು ಅರ್ಧದಾರಿ ಬಂದವರಿಗೆ, ಗಾಜು ಹಾಕಿದರೂ ಕಾಣದಂತಾದಾಗ, ಅವರು ಏನು ಮಾಡಿದರು, ಏನು ಮಾಡಬಹುದು ಎಂಬುದೇ ವಿಷಯ. ಇಂತಹ ಪ್ರಸಂಗ ಬಂದ ಕೂಡಲೆ ಎಲ್ಲರೂ ಮಿಲ್ಟನ್ ಕವಿಯ ಹೆಸರು ಹೇಳುವರು. 1652ರ ಹೊತ್ತಿಗೆ ಅವನಿಗೆ ಪೂರ್ತಿ ಕುರುಡುತನ ಬಂದಿತು. ಅವನ ಮಹಾಕಾವ್ಯವು 1667ರಲ್ಲಿ ಅಚ್ಚಾಯಿತು. ಅದು ದೊಡ್ಡ ಮಾತೇ ಸರಿ. ಆದರೆ ಕವಿಯ ಸಂಗತಿ ಬೇರೆ. ಛಂದಸ್ಸು ಕಿವಿಯಲ್ಲಿ ನಿಲ್ಲುತ್ತದೆ. ರಾತ್ರಿ ಕಟ್ಟಿದ ಸಾಲುಗಳನ್ನು ಬೆಳಗ್ಗೆ ಹೇಳಿ ಬರೆಯಿಸಬಹುದು. ನೂರು ಕಾಗದಗಳನ್ನು ಹರಡಿಕೊಂಡು, ಒಂದನ್ನೊಂದಕ್ಕೆ ಹೋಲಿಸಿ ಬರೆಯಬೇಕಾದ ಗದ್ಯಲೇಖಕನ ಪಾಡು ಇದಕ್ಕಿಂತ ಕಷ್ಟತರವಾದುದೆಂದು ನನ್ನ ಅಭಿಪ್ರಾಯ.

ನಮ್ಮ ಹಿಂದಿನವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪೂನಾದ ಪಿ. ಕೆ. ಗೋಡೆಯವರು ಹಿಂದೂದೇಶದಲ್ಲಿ ಕನ್ನಡಕದ ಚರಿತ್ರೆಯನ್ನು ಹುಡುಕುತ್ತ ಹೋಗಿ, ಬಹು ಹಳೆಯ ಉಲ್ಲೇಖವೊಂದನ್ನು ಕನ್ನಡನಾಡಿನಲ್ಲಿಯೇ ಕಂಡರು. ಸೋಮನಾಥನ ವ್ಯಾಸಯೋಗಿಚರಿತವೆಂಬ ಸಂಸ್ಕೃತ ಚಂಪುವಿನಲ್ಲಿ, ವಿಜಯನಗರದ ವ್ಯಾಸರಾಯರು ಕಣ್ಣಿಗೆ ಗಾಜು ಧರಿಸಿ ಗ್ರಂಥಾವಲೋಕನ ಮಾಡುತ್ತಿದ್ದುದು ಬರುತ್ತದೆ. ಕಾಲ 1520ರ ಸುಮಾರು. ಪೋರ್ಚುಗೀಸರು ಗೋವೆಯನ್ನು ಹಿಡಿದು ಹತ್ತು ವರ್ಷವಾಗಿತ್ತು. ಆ ದಾರಿಯಿಂದಲೇ ಅದು ಬಂದಿರಬೇಕೆಂದು ಊಹಿಸುವರು. ಮಠಾಧಿಪತಿಗೆ ದೊರೆತದ್ದು ಸಾಮಾನ್ಯ ಲಿಪಿಕಾರನಿಗೆ ಎಲ್ಲಿಂದ ದೊರೆಯಬೇಕು? ಅವನಿಗಿದ್ದ ಒಂದೇ ಅನುಕೂಲವೆಂದರೆ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವ ಪದ್ಧತಿ. ಬರೆಯುವಾಗ ಮಸಿಯಿಲ್ಲ, ಕೊರೆದ ಗೀರು ಬೆರಳಿಗೆ ತಿಳಿಯುವುದು, ಕಾಡಿಗೆ ಸವರಿದ ಮೇಲೆಯೇ ಅಕ್ಷರ ಎದ್ದು ಕಾಣುವುದು. ಕಣ್ಣು ಅರೆಬರೆಯಾದವನೂ ಅಭ್ಯಾಸಬಲದಿಂದ ಇದನ್ನು ಸಾಗಿಸಬಹುದಾಗಿತ್ತು. ಆದರೂ ಓಲೆಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಕತ್ತು, ನೋಟಗಳ ಬಾಧೆಯನ್ನು ಹೇಳಿಕೊಂಡು, ಇಷ್ಟು ಕಷ್ಟದಿಂದ ಬರೆದುದನ್ನು ಮಗನಂತೆ ಕಾಪಾಡಿರೆಂದು ಬೇಡಿಕೊಳ್ಳುವುದನ್ನು ನೋಡಿದರೆ, ಆ ಕೆಲಸದ ಬೆಲೆ ತಿಳಿಯುತ್ತದೆ.

ಈಗ ನಮ್ಮ ದಖ್ಖನ್ನಿಗೇ ಸೇರಿದ ಒಬ್ಬ ಲೇಖಕರ ವಿಚಾರಕ್ಕೆ ಬರುತ್ತೇನೆ. ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವರು. ಹದಿನೈದನೆಯ ವಯಸ್ಸಿನಲ್ಲಿ, ಮುಂಬಯಿಯ ಒಬ್ಬ ವರ್ತಕನ ಅಂಗಡಿಗೆಂದು ಹಡಗು ಹತ್ತಿದರು. ಆ ವ್ಯಾಪಾರ ಹೇಳಿಕೊಳ್ಳುವಂತಹುದಾಗಿರಲಿಲ್ಲ; 1824ರಲ್ಲಿಯೇ ನಿಜಾಮರ ಸೈನ್ಯದಲ್ಲಿ ಕೆಲಸ ಹಿಡಿದರು. ಅಂದಿನಿಂದ 1860ರ ವರೆಗೆ ಅವರ ಬಾಳು ಕಳೆದುದು ಹೈದರಾಬಾದಿನ ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಡಿದ ಸೀಮೆಯಲ್ಲಿ. ತುಳಜಾಪುರ, ನಳದುರ್ಗ, ಸುರಪುರ ಇವೆಲ್ಲ ಅವರ ಕುದುರೆಯ ಗೊರಸಿಗೆ ಪರಿಚಿತವಾದ ಊರುಗಳು. 1839ರಲ್ಲಿ ಪ್ರಕಟವಾದ ಅವರ ಠಗ್ಗನ ಕಥೆಯನ್ನು ಇಂಗ್ಲೆಂಡು ಬಹಳ ಕುತೂಹಲದಿಂದ ಓದಿತು. ಮರುವರ್ಷವೇ ಟೀಪೂ ಸುಲ್ತಾನನ ಮೇಲಿನ ಕಾದಂಬರಿ ಹೊರಬಿದ್ದಿತು.

ಸುರಪುರದಲ್ಲಿ ಅವರು ಇದ್ದುದು 1853ರ ವರೆಗೆ, ಹತ್ತು ವರ್ಷಗಳಿಗಿಂತ ಮೇಲೆ. ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನು ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಬೋನಾಳ ಕೆರೆಯೂ, ಬೆಟ್ಟದ ಮೇಲೆ ಅವರು ವಾಸವಾಗಿದ್ದ ಮನೆಯೂ ಇಂದಿಗೂ ಉಂಟು. ಅದೇ ಬಾಲಕನು ದೊಡ್ಡವನಾಗಿ 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು, ಸೆರೆಯಾಗಿ, ಪಿಸ್ತೂಲಿನ ಗುಂಡಿನಿಂದ ಸತ್ತನು. ಟೇಲರರು ಆ ಹುಡುಗನನ್ನು ಪ್ರೀತಿಸಿದ್ದು ನಿಜ. ಅವನ ಸಂಸ್ಥಾನವನ್ನು ನುಂಗಿದ ಸರಕಾರದ ಅಧಿಕಾರಿಯಾಗಿದ್ದುದೂ ನಿಜ. ಎರಡನ್ನೂ ಮರೆಯದೆ ಅವರನ್ನು ಓದಬೇಕು.

ನಿವೃತ್ತರಾಗಿ ಹಿಂದಿರುಗಿದ ಮೇಲೆ ಅವರು ಡಬ್ಲಿನ್ ನಗರದ ಬಳಿ ನೆಲೆಸಿದರು. ಅಲ್ಲಿ ಕುಳಿತು ಬರೆದ ಮೂರು ಕಾದಂಬರಿಗಳು 1863, 1865, 1872ರಲ್ಲಿ ಪ್ರಕಟವಾದುವು. 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದ ಮೂರು ಘಟ್ಟಗಳನ್ನು ಅವು ಹಿಡಿಯುತ್ತವೆ. ನಡುವೆ 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಹಿಂದೂದೇಶದ ಚರಿತ್ರೆ. ಇಷ್ಟಾದರೂ ಮನಸ್ಸಿನಲ್ಲಿ ಎರಡು ಕೃತಿಗಳು ಉಳಿದುಕೊಂಡಿದ್ದುವು. ಒಂದು ತಮ್ಮ ಜೀವನದ ಕಥೆ. ಇನ್ನೊಂದು ಚಾಂದಬೀಬಿಯ ಕಥೆ. ಅಹಮದನಗರದಲ್ಲಿ ಹುಟ್ಟಿ, ವಿಜಾಪುರದ ರಾಣಿಯಾಗಿ, ವಿಧವೆಯಾದ ಮೇಲೆ ಎರಡು ರಾಜ್ಯಗಳ ಹೊರೆಯನ್ನೂ ಹೊತ್ತು, 1595–96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿದ ಆ ಹೆಣ್ಣಿನ ಮೇಲೆ ಅವರಿಗೆ ಅಪಾರ ಗೌರವ. ಅವಳ ಕಾಲದ ದಖ್ಖನ್ನೆಂದರೆ ಐದು ಷಾಹಿಗಳ ದಖ್ಖನ್ನು. ನಮ್ಮ ಬೀದರದ ಬರೀದಷಾಹಿಯೂ ಅದರಲ್ಲಿ ಒಂದಾಗಿ, 1619ರಲ್ಲಿ ವಿಜಾಪುರದೊಳಗೆ ಕರಗಿಹೋಯಿತು.

ಈ ಕಾಲಕ್ಕೇ ಅವರ ಕಣ್ಣು ಹೋಗತೊಡಗಿತು. 1875ರಲ್ಲಿ ದೃಷ್ಟಿ ಬಹುಮಟ್ಟಿಗೆ ನಂದಿತು. ಅವರು ಬರಿಯ ಲೇಖಕರಲ್ಲ, ಚಿತ್ರ ಬರೆಯುವ ಕೈಯುಳ್ಳವರು. ಕೋಟೆ, ಗೋರಿ, ಬೆಟ್ಟಗಳನ್ನು ನಿಂತು ನೋಡಿ ಕಾಗದಕ್ಕೆ ಇಳಿಸಿದವರು. ಅಂತಹವರಿಗೆ ಈ ಗತಿ. ವೈದ್ಯರು ಚಳಿಗಾಲವನ್ನು ಹಿಂದೂದೇಶದಲ್ಲಿ ಕಳೆಯಬೇಕೆಂದು ಹೇಳಿದರು. ಅರವತ್ತೇಳರ ವಯಸ್ಸಿನಲ್ಲಿ, ಕಣ್ಣು ಕಾಣದ ಸ್ಥಿತಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಕಂಡ ಹೈದರಾಬಾದಿಗೆ ಅವರು ಪುನಃ ಬಂದರು. ಜ್ವರ ಹಿಡಿಯಿತು. ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸಿನ ದಕ್ಷಿಣ ತೀರದ ಮಾಂತೋನ್ ಎಂಬ ಊರಿನಲ್ಲಿ, 1876ರ ಮೇ 13ರಂದು ತೀರಿಕೊಂಡರು. ಎರಡು ಗ್ರಂಥಗಳಲ್ಲಿ ಯಾವುದೂ ಅಷ್ಟರಲ್ಲಿ ಅಚ್ಚಿನಿಂದ ಹೊರಬಂದಿರಲಿಲ್ಲ. ಆತ್ಮಕಥೆಯನ್ನು ಮಗಳು ಸರಿಪಡಿಸಿ, ತಂದೆಯ ಲೇಖನಿ ನಿಂತಲ್ಲಿಂದ ಮುಂದಿನದನ್ನು ತಾನೇ ಬರೆದು ಸೇರಿಸಿ, 1877ರಲ್ಲಿ ಪ್ರಕಟಪಡಿಸಿದಳು. ಚಾಂದಬೀಬಿಯ ಕಾದಂಬರಿ ಮೂರು ಸಂಪುಟಗಳಾಗಿ 1878ರಲ್ಲಿ ಬಂದಿತು.

ಆ ಕಾದಂಬರಿಯನ್ನು ಓದಿದವರಿಗೆ ಒಂದು ವಿಶೇಷ ಗೋಚರವಾಗುತ್ತದೆ. ಅದು ಆರಂಭವಾಗುವುದು ಅಹಮದನಗರದಲ್ಲಲ್ಲ, ವಿಜಾಪುರದಲ್ಲೂ ಅಲ್ಲ. ಕೃಷ್ಣೆಯ ನಡುಗಡ್ಡೆಯ ಮೇಲಿರುವ ಜಲದುರ್ಗದಲ್ಲಿ. ಇಂದಿನ ಲಿಂಗಸುಗೂರು ತಾಲೂಕಿಗೆ ಸೇರಿದ ಆ ಕೋಟೆ, ಪಕ್ಕದ ಬೇಡರ ನಾಡು, ಬಂಡೆಗಳ ನಡುವೆ ಭೋರ್ಗರೆದು ಬೀಳುವ ಹೊಳೆ, ಪ್ರವಾಹದಲ್ಲಿ ಸುತ್ತಿ ಸುತ್ತಿ ಸಾಗುವ ಹರಗೋಲು, ಇವು ಆ ಪುಟಗಳಲ್ಲಿ ತುಂಬಿವೆ. ಸುರಪುರವನ್ನು ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದುವು. ಐರ್ಲೆಂಡಿನ ಮಳೆಯಲ್ಲಿ ಕುಳಿತ ಮುದುಕರ ಕಣ್ಣು ಕಿಟಕಿಯ ಆಚೆಯನ್ನು ಕಾಣಲು ಸೋಲುತ್ತಿದ್ದ ಕಾಲದಲ್ಲಿ ಕೃಷ್ಣೆಯ ಬಂಡೆಗಳು ಅವರಿಗೆ ಸ್ಪಷ್ಟವಾಗಿದ್ದುವು. ದರ್ಬಾರಿನ ಪ್ರಕರಣಗಳು ಅಲ್ಲಲ್ಲಿ ಸಡಿಲವಾಗಿವೆ, ಸಂಭಾಷಣೆ ಬೆಳೆಯುತ್ತದೆ. ಬರೆದುದನ್ನು ಕಣ್ಣಾರೆ ಮತ್ತೆ ಓದಿ ಕತ್ತರಿಸಲಾಗದವರ ಗ್ರಂಥದಲ್ಲಿ ಇದು ಇರತಕ್ಕದ್ದೇ. ಆದರೆ ಹೊಳೆಯ ಭಾಗವನ್ನು ಯಾರೂ ಕತ್ತರಿಸಲಾರರು.

ಇದರ ಜೊತೆಗೆ ಅಮೆರಿಕದ ವಿಲಿಯಂ ಪ್ರೆಸ್ಕಾಟನ ಹೆಸರನ್ನು ಹೇಳಲೇಬೇಕು. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಊಟದ ಶಾಲೆಯ ಹುಡುಗಾಟದಲ್ಲಿ ಯಾರೋ ಎಸೆದ ಗಟ್ಟಿ ರೊಟ್ಟಿಯ ತುಂಡು ತಗಲಿ ಎಡಗಣ್ಣು ಹೋಯಿತು. ಬಲಗಣ್ಣೂ ಮುಂದೆ ರೋಗಕ್ಕೆ ತುತ್ತಾಯಿತು. ಅಂತಹವನು ಹಿಡಿದದ್ದು ಸ್ಪೆಯಿನ್ ದೇಶದ ಚರಿತ್ರೆ! ಮೊದಮೊದಲು ಅವನಿಗೆ ಓದಿ ಹೇಳುತ್ತಿದ್ದ ಹುಡುಗನಿಗೆ ಸ್ಪೆಯಿನಿನ ಭಾಷೆಯೇ ಬಾರದು. ಅಕ್ಷರಗಳ ಉಚ್ಚಾರಣೆಯನ್ನಷ್ಟೆ ಕಲಿಸಿ, ಅರ್ಥ ತಿಳಿಯದ ಬಾಯಿಂದ ಸಂಪುಟ ಸಂಪುಟಗಳನ್ನು ಓದಿಸಿ, ಇವನು ಕೇಳಿ ಅರ್ಥಮಾಡಿಕೊಂಡನು. ಬರೆಯಲು ಕುರುಡರಿಗಾಗಿ ಮಾಡಿದ ಒಂದು ಚೌಕಟ್ಟನ್ನು ತರಿಸಿಕೊಂಡಿದ್ದನು. ಅದರಲ್ಲಿ ಸಾಲಿಗೊಂದರಂತೆ ಹಿತ್ತಾಳೆಯ ತಂತಿಗಳು, ಕೆಳಗೆ ಮಸಿಗಾಗದ, ಕೈಯಲ್ಲಿ ದಂತದ ಕಡ್ಡಿ. ತಂತಿಗಳ ನಡುವೆ ಕಡ್ಡಿಯನ್ನು ನಡೆಸಿದರೆ ಸಾಲು ಓರೆಯಾಗದು. ಮಸಿಯಿಲ್ಲ, ಕಣ್ಣು ಬೇಕಿಲ್ಲ. ನಮ್ಮ ಕಂಟ-ಓಲೆಗರಿಯ ತಮ್ಮನೇ ಎನ್ನಬಹುದು. ಕುದುರೆಯ ಮೇಲೆ ಹೋಗುತ್ತ ಅಧ್ಯಾಯಗಳನ್ನು ತಲೆಯಲ್ಲಿಯೇ ರಚಿಸಿ, ತಿದ್ದಿ, ಕಡೆಗೆ ಚೌಕಟ್ಟಿನ ಮುಂದೆ ಕುಳಿತುಕೊಳ್ಳುತ್ತಿದ್ದನು. ಹತ್ತು ವರ್ಷಗಳ ದುಡಿಮೆಯ ಮೇಲೆ ಮೊದಲನೆಯ ಗ್ರಂಥವು 1837ರಲ್ಲಿ ಹೊರಬಂದಿತು. ಮೆಕ್ಸಿಕೋದ ಚರಿತ್ರೆ 1843ರಲ್ಲಿ, ಪೆರುವಿನದು 1847ರಲ್ಲಿ. ಇದ್ದ ಅರೆಗಣ್ಣನ್ನು ದಿನಕ್ಕೆ ಇಷ್ಟೇ ನಿಮಿಷವೆಂದು ಲೋಭಿಯು ಹಣವನ್ನು ಎಣಿಸಿದಂತೆ ಎಣಿಸಿ ಖರ್ಚುಮಾಡಿದವನು ಅವನು.

ಈ ಇಬ್ಬರನ್ನು ನಾನು ಇಷ್ಟು ಹತ್ತಿರದಿಂದ ವಿಚಾರಿಸಿಕೊಂಡುದಕ್ಕೆ ಕಾರಣವುಂಟು. ಬಹುಕಾಲದಿಂದ ನಾನು ಬೀದರ, ಭಾಲ್ಕಿ, ಔರಾದ ಈ ಮೂರು ಕಡೆಯ ಕನ್ನಡ ಮಾತುಗಳನ್ನು ಚೀಟಿಗಳ ಮೇಲೆ ಬರೆದಿಡುತ್ತ ಬಂದಿದ್ದೇನೆ. ಪಂಡಿತರಾದ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಧಾರವಾಡ, ಮಂಗಳೂರು, ಮೈಸೂರು ಕಡೆಯ ಮಾತುಗಳಿಗೆ ಅದು ದೊಡ್ಡ ಕಣಜ. ಮಂಜ್ರಾ ನದಿಯ ಈ ದಂಡೆಯವರೆಗೆ ಆ ಕಣಜದ ಬಾಗಿಲು ಬರಲಿಲ್ಲ. ಬರುವುದಾದರೂ ಹೇಗೆ? 1948ರ ವರೆಗೆ ಇಲ್ಲಿ ಕಚೇರಿ, ಶಾಲೆಗಳ ಭಾಷೆ ಉರ್ದು. ಔರಾದ ಸೀಮೆಯ ಕಮಲನಗರದಲ್ಲಿ 1889ರಲ್ಲಿ ಹುಟ್ಟಿ, ಭಾಲ್ಕಿಯ ಹಿರೇಮಠದ ಪೀಠದಲ್ಲಿದ್ದು 1999ರ ವರೆಗೆ ಬಾಳಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂದು ನಮ್ಮವರು ಇಂದಿಗೂ ಹೇಳಿಕೊಳ್ಳುವರು. ಆಮೇಲೆ 1956ರ ನವೆಂಬರಿನಲ್ಲಿ ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ಪ್ರಾಂತಕ್ಕೆ; ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ; ಉಳಿದುದು ಮೈಸೂರಿಗೆ. ಅತ್ತೆಯ ಊರು ಒಂದು ರಾಜ್ಯ, ತವರು ಇನ್ನೊಂದು ರಾಜ್ಯವಾದ ಮನೆಗಳಲ್ಲಿ ಮುದುಕಿಯರು ಆಡುತ್ತಿದ್ದ ಕನ್ನಡವನ್ನು ಯಾವ ಪಟ್ಟಿಯಲ್ಲಿಯೂ ಬರೆದಿರಲಿಲ್ಲ. ಒಬ್ಬ ಮುದುಕಿ ತೀರಿಕೊಂಡರೆ ಹತ್ತು ಮಾತುಗಳು ಹೋದಂತೆಯೇ ಎಂದು ತಿಳಿದು ನಾನು ಚೀಟಿ ಬರೆಯತೊಡಗಿದೆನು.

ಚೀಟಿಗಳು ಪೆಟ್ಟಿಗೆಗಳನ್ನು ತುಂಬಿದ ಮೇಲೆ, ಅವನ್ನು ಅಕಾರಾದಿಯಾಗಿ ಜೋಡಿಸಿ ಶುದ್ಧಪ್ರತಿ ಮಾಡುವ ಹೊತ್ತಿಗೆ ಕಣ್ಣು ಕೈಕೊಟ್ಟಿತು. ಇದು ಪೊರೆಯಲ್ಲ, ಪೊರೆಯಾಗಿದ್ದರೆ ಇಂದಿನ ದವಾಖಾನೆಯಲ್ಲಿ ಒಂದು ಬೆಳಗ್ಗೆ ತೆಗೆದು ಕಳುಹಿಸುತ್ತಿದ್ದರು. ಇದು ಕಣ್ಣಿನ ಹಿಂಭಾಗದ ಪರದೆಯ ನಡುವಣ ಚುಕ್ಕೆಯು ಸವೆಯುವ ರೋಗ. ಅದರ ಸ್ವಭಾವ ವಿಚಿತ್ರವಾದುದು. ಬದಿಯಲ್ಲಿರುವುದೆಲ್ಲ ಕಾಣುತ್ತದೆ; ದಾರಿಯಲ್ಲಿ ಎಡವದೆ ನಡೆಯಬಹುದು; ಆದರೆ ಯಾವ ಅಕ್ಷರವನ್ನು ನೋಡಬೇಕೆಂದು ದೃಷ್ಟಿಯಿಡುತ್ತೇನೋ ಆ ಅಕ್ಷರ ಮಾತ್ರ ಇಲ್ಲ. ಅಕ್ಕಪಕ್ಕದ ಅಕ್ಷರಗಳು ಸಾಕ್ಷಿಗಳಂತೆ ನಿಂತಿರುತ್ತವೆ.

ನಮ್ಮ ಲಿಪಿಯಾದರೂ ಕನಿಕರವುಳ್ಳದ್ದೆ? ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಭೇದವೆಲ್ಲ ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ಭಾಲ್ಕಿಯ ಬಾಲವು ಕಾಣದಿದ್ದರೆ ಅದು ಬಾಲ್ಕಿಯಾಗುತ್ತದೆ. ಪಕಾರದ ಹೊಟ್ಟೆಯಲ್ಲಿ ಒಂದು ಗೀರೆಳೆದರೆ ಷಕಾರ. ದೀರ್ಘ, ಒತ್ತು, ಎಲ್ಲವೂ ಎಳ್ಳಿನಷ್ಟು. ಉರ್ದುವಿನ ಚುಕ್ಕೆಗಳ ವಿಷಯ ಹೇಳುವುದೇ ಬೇಡ. ಚುಕ್ಕೆಗಳು ತಪ್ಪಿದರೆ ‘ಬೇ’ ಹೋಗಿ ‘ತೇ’ ಬರುತ್ತದೆ. ಸಾಮಾನ್ಯ ಬರಹದಲ್ಲಿ ಇದನ್ನೆಲ್ಲ ಓದುಗನು ಊಹಿಸಿಕೊಳ್ಳುವನು. ಮಾತಿನ ಪಟ್ಟಿಯಲ್ಲಿ ಊಹೆ ನಡೆಯದು. ಯಾವ ಪುಸ್ತಕದಲ್ಲಿಯೂ ಇಲ್ಲದ ಮಾತಿಗೆ ಈ ಚೀಟಿಯೊಂದೇ ಆಧಾರ. ಇಲ್ಲಿ ತಪ್ಪಾದರೆ ಆ ತಪ್ಪೇ ಮಾತಾಗಿ ನಿಲ್ಲುವುದು.

ಬೀದರಿ ಕೆಲಸದವರ ಮನೆಗಳಲ್ಲಿ ಈ ಬಗೆಯ ಕಷ್ಟವನ್ನು ಕಂಡವರು ಬಹಳ. ಸತು ಹೆಚ್ಚಾಗಿಯೂ ತಾಮ್ರ ಸ್ವಲ್ಪವಾಗಿಯೂ ಬೆರೆತ ಪಾತ್ರೆಯನ್ನು ಎರಕ ಹೊಯ್ದು, ಉಜ್ಜಿ ನಯಮಾಡಿ, ಮೊದಲು ಮೈಲುತುತ್ತದ ನೀರಿನಿಂದ ಕಪ್ಪಾಗಿಸುವರು. ಕಪ್ಪಿನ ಮೇಲೆ ಗೀರಿದ ಬಳ್ಳಿ ಬಿಳಿಯಾಗಿ ಕಾಣಲೆಂಬುದೇ ಆ ಉಪಾಯ. ಆ ಗೀರಿನಲ್ಲಿ ಉಳಿಯಿಂದ ಕಾಲುವೆ ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸುವರು. ಕಡೆಗೆ ನವಸಾಗರದೊಡನೆ ಕೋಟೆಯ ಮಣ್ಣನ್ನು ಕಲಸಿ ಕಾಸಿ ಬಳಿದರೆ ಲೋಹ ಕಾಡಿಗೆಯಂತಾಗಿ ಬೆಳ್ಳಿ ಹೊಳೆಯುತ್ತದೆ. ಕೊರೆಯುವವನ ಕಣ್ಣು ಸೋತಾಗ ಅವನು ಎರಕಕ್ಕೋ ಉಜ್ಜುವುದಕ್ಕೋ ಸರಿದು, ಉಳಿಯನ್ನು ಮಗನ ಕೈಗೆ ಕೊಡುವನು. ಕೆಲಸ ಮನೆಯೊಳಗೇ ಒಂದು ಮಗ್ಗುಲು ಸರಿಯುತ್ತದೆ, ಅಷ್ಟೆ. ಲೇಖಕನಿಗೆ ಇಂತಹ ಏರ್ಪಾಡು ಇಲ್ಲ. ಬರೆಯುವುದು ಒಂಟಿ ಕೆಲಸವೆಂದು ನಾವೇ ಹೇಳಿಕೊಂಡು ಬಂದಿದ್ದೇವೆ.

ನಾನು ಮೊದಲು ಹಿಡಿದುದು ಪ್ರೆಸ್ಕಾಟನ ದಾರಿ. ಗಟ್ಟಿ ರಟ್ಟಿನಲ್ಲಿ ಬೆರಳಗಲದ ಕಂಡಿಗಳನ್ನು ಕತ್ತರಿಸಿ, ಅದನ್ನು ಕಾಗದದ ಮೇಲಿಟ್ಟು, ಕಂಡಿಯೊಳಗೆ ದಪ್ಪ ಮಸಿಯಿಂದ ಹೆಬ್ಬೆರಳಿನ ಗಾತ್ರದ ಅಕ್ಷರಗಳನ್ನು ಬರೆದೆನು. ಹೊಸದಾಗಿ ಬರೆಯುವುದಕ್ಕೆ ಇದು ಸಾಕು. ಹಳೆಯ ಚೀಟಿಗಳನ್ನು ಓದುವುದಕ್ಕೆ? ಅದಕ್ಕೆ ಬೇರೊಬ್ಬರ ಕಣ್ಣೇ ಬೇಕು. ಇತ್ತೀಚೆಗೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರಗಳು ಬಂದಿವೆ; ಅಚ್ಚಿನ ಕನ್ನಡವನ್ನು ತಕ್ಕಮಟ್ಟಿಗೆ ಓದುತ್ತವೆ. ಔರಾದದ ಜಾತ್ರೆಯಲ್ಲಿ ನಿಂತುಕೊಂಡು ಸೀಸದಕಡ್ಡಿಯಿಂದ ಗೀಚಿದ ನನ್ನ ಅಕ್ಷರ ಅವಕ್ಕೆ ದಕ್ಕಲಿಲ್ಲ.

ಕಾಲೇಜಿನಲ್ಲಿ ಓದುತ್ತಿರುವ ಔರಾದ ತಾಲೂಕಿನ ಒಬ್ಬ ಹುಡುಗನು ಈಗ ಎರಡು ವರ್ಷಗಳಿಂದ ಸಂಜೆ ಹೊತ್ತು ಬಂದು ಓದಿ ಹೇಳುತ್ತಾನೆ. ಮನೆಯಲ್ಲಿ ಅವನದು ಮರಾಠಿ ಬೆರೆತ ಕನ್ನಡ, ಓಣಿಯಲ್ಲಿ ದಖನಿ, ತಾಯಿಯ ಊರಿನ ಕಡೆ ತೆಲುಗು. ಪ್ರೆಸ್ಕಾಟನ ಹುಡುಗನಂತೆ ಇವನೂ ಅಕ್ಷರ ಓದಿ ಸುಮ್ಮನಿರುವನೆಂದು ನಾನು ತಿಳಿದಿದ್ದೆ. ಒಂದು ದಿನ ಎಳ್ಳಮವಾಸ್ಯೆಯ ಚೀಟಿಗಳು ಬಂದುವು. ನಮ್ಮ ಕಡೆ ಆ ಹಬ್ಬಕ್ಕೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆದು ನಿಂತ ಜೋಳದ ನಡುವೆ ಪೂಜೆ, ಚರಗ ಚೆಲ್ಲುವುದು, ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿ. ಹುಡುಗನು ಓದುತ್ತ ಓದುತ್ತ ನಿಲ್ಲಿಸಿ, “ಅಜ್ಜಾರೀ, ಚರಗ ಚೆಲ್ಲುವಾಗ ಕೂಗ್ತಾರಲ್ಲ, ಆ ಮಾತು ಇದರಾಗ ಇಲ್ಲ. ನಮ್ಮ ಆಯಿಗೆ ಬರ್ತದ, ಕೇಳ್ಕೊಂಡು ಬರ್ಲೇನ್ರಿ?” ಎಂದನು. ಮುಂದಿನ ವಾರ ಆಯಿಯಿಂದ ಹನ್ನೊಂದು ಮಾತುಗಳನ್ನು ತಂದನು. ಅವುಗಳಲ್ಲಿ ನಾಲ್ಕು ನನ್ನ ಯಾವ ಪೆಟ್ಟಿಗೆಯಲ್ಲಿಯೂ ಇರಲಿಲ್ಲ.

ಅಂದಿನಿಂದ ಕ್ರಮ ಬದಲಾಗಿದೆ. ಅವನು ಓದುತ್ತಾನೆ, ನಾನು ಅರ್ಥವನ್ನೂ, ಎಲ್ಲಿ ಯಾರ ಬಾಯಲ್ಲಿ ಕೇಳಿದ್ದೆಂಬುದನ್ನೂ ಹೇಳುತ್ತೇನೆ, ಅವನು ಬರೆದುಕೊಂಡು, ಬರೆದುದನ್ನು ಅಕ್ಷರ ಅಕ್ಷರವಾಗಿ ಒಪ್ಪಿಸುತ್ತಾನೆ: ಅಲ್ಪಪ್ರಾಣವೆ, ಮಹಾಪ್ರಾಣವೆ, ಹ್ರಸ್ವವೆ, ದೀರ್ಘವೆ. ಒಂದು ಸಂಜೆಗೆ ಇಪ್ಪತ್ತು ಚೀಟಿ ಸಾಗಿದರೆ ಹೆಚ್ಚು. ಸ್ವರಗಳೂ ಕ, ಚ ವರ್ಗಗಳೂ ಮುಗಿದಿವೆ. ಈಗ ತಕಾರದಲ್ಲಿ ಇದ್ದೇವೆ. ಮಿತ್ರರು ಕೆಲವರು, ಇದ್ದಷ್ಟನ್ನು ಮೊದಲನೆಯ ಸಂಪುಟವೆಂದು ಅಚ್ಚುಹಾಕಿಸಿಬಿಡಬೇಕೆಂದು ಹೇಳುತ್ತಾರೆ. ಇನ್ನು ಕೆಲವರು, ಕಣ್ಣಿನ ಅಂಚಿನ ಬೆಳಕಾದರೂ ಇರುವಾಗ ಪೂರ್ತಿಮಾಡಬೇಕೆನ್ನುತ್ತಾರೆ. ಟೇಲರರ ಮಗಳಂತೆ ಮುಂದುವರಿಸಬಲ್ಲವರು ಮನೆಯಲ್ಲಿ ಇದ್ದಿದ್ದರೆ ನಾನು ಎರಡನೆಯ ಪಕ್ಷವನ್ನು ಹಿಡಿಯುತ್ತಿದ್ದೆ. ಹುಡುಗನ ಪರೀಕ್ಷೆ ಚೈತ್ರದಲ್ಲಿ ಮುಗಿಯುತ್ತದೆ; ಮುಂದೆ ಉದ್ಯೋಗಕ್ಕೆ ಯಾವ ಊರಿಗೆ ಹೋಗುವನೋ ಅವನಿಗೂ ತಿಳಿಯದು. ಆದುದರಿಂದ ನಕಾರದವರೆಗೆ ಈ ಚಳಿಗಾಲದಲ್ಲಿ ಮುಗಿಸಿ, ಅದನ್ನು ಒಂದು ಸಂಪುಟವಾಗಿ ಕಟ್ಟುವುದೆಂದು ನಿಶ್ಚಯಿಸಿದ್ದೇವೆ. ಪಕಾರದಿಂದ ಮುಂದಿನ ಚೀಟಿಗಳನ್ನು ಅವನು ತನ್ನ ಕೈಬರಹದಲ್ಲಿ ದೊಡ್ಡದಾಗಿ ಎತ್ತಿಡುತ್ತಿದ್ದಾನೆ, ಮುಂದೆ ಯಾರು ಓದಲು ಬಂದರೂ ನನ್ನ ಗೀಚನ್ನು ಬಿಡಿಸುವ ಕಷ್ಟ ಅವರಿಗೆ ಇರಬಾರದೆಂದು. ನಿನ್ನೆ ಸಂಜೆ ನಾವು ನಿಲ್ಲಿಸಿದುದು ‘ತೊಗರಿ’ಯ ಹತ್ತಿರ, ಆ ಒಂದು ಬೆಳೆಯ ಸುತ್ತಲೇ ಅರವತ್ತಕ್ಕೆ ಮೇಲ್ಪಟ್ಟ ಚೀಟಿಗಳಿವೆ.